ಬ್ಯಾಡಗಿ ಪೇಟೆಯಲ್ಲಿ ಕುಳಿತು ನೋಡಿದ ಹಡಗು

2014ರ ಜನವರಿ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಸುಗ್ಗಿ. ರಾಣೆಬೆನ್ನೂರಿನ ಹತ್ತಿರದ ನಮ್ಮೂರಿಂದ ದೊಡ್ಡಪ್ಪ ಚೀಲ ಹಾಕಿಕೊಂಡು ಬಂದಿದ್ದರು. ನಾನು ಆಗ ಪಿಯುಸಿ ಹುಡುಗ, ಲೆಕ್ಕ ಬರೆಯೋಕೆ ಅಂತ ಜೊತೆಗೆ. ದಲಾಲಿ ಅಂಗಡಿಯ ಕಟ್ಟೆ ಮೇಲೆ ಘಾಟಿಗೆ ಸೀನುತ್ತಾ ಕೂತಿದ್ದೆವು. ಟೆಂಡರ್ ದರ ಇನ್ನೂ ಬಂದಿರಲಿಲ್ಲ. ಯಾರೋ ಬಿಟ್ಟುಹೋದ ಪೇಪರಿನ ಮುಖಪುಟದಲ್ಲಿ ಒಂದು ದೊಡ್ಡ ಹಡಗು. ವಿಕ್ರಮಾದಿತ್ಯ ಕಾರವಾರಕ್ಕೆ ಬಂತು ಅಂತ ಸುದ್ದಿ. ದೊಡ್ಡಪ್ಪ ಕನ್ನಡಕ ಏರಿಸಿ ಪೂರ್ತಿ ಓದಿ ಹೇಳಿದ್ದು ಇಷ್ಟೇ: "ಹಡಗ ಪುಕ್ಕಟ, ಬರೇ ರಿಪೇರಿ ರೊಕ್ಕ ಕೊಡ್ರಿ ಅಂದಿದ್ರಂತ. ಪುಕ್ಕಟ ಅಂದವರ ಹತ್ರ ಮೊದ್ಲ ಹೆದರಬೇಕು ನೋಡು."

ಆಗ ನಕ್ಕು ಸುಮ್ಮನಾಗಿದ್ದೆ. ಇತ್ತೀಚೆಗೆ ಗೆಳೆಯರ ಜೊತೆ ಹಾವೇರಿಯಿಂದ ಶಿರಸಿ, ದೇವಿಮನೆ ಘಾಟಿ, ಕುಮಟಾ ಮಾರ್ಗವಾಗಿ ಕಾರವಾರಕ್ಕೆ ಹೋಗಿದ್ದೆ. ಕಾರವಾರ ಸೇರುವ ಮುನ್ನ ಹೆದ್ದಾರಿಯ ಪಕ್ಕ ಕಿಲೋಮೀಟರುಗಟ್ಟಲೆ ನೌಕಾನೆಲೆಯ ಗೋಡೆ. ಅದನ್ನು ನೋಡಿದಾಗ ದೊಡ್ಡಪ್ಪನ ಮಾತು ನೆನಪಾಯ್ತು. ವಾಪಸ್ ಬಂದ ಮೇಲೆ ಕೂತು ಓದತೊಡಗಿದೆ. ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ತಾಳ್ಮೆ ಇರಲಿ :-)

ಬಯಲುಸೀಮೆಯ ಹಾವೇರಿಗೂ ಸಮುದ್ರಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಧಾರವಾಡ ಸೀಮೆಯ ಹತ್ತಿಗೆ ಒಂದು ಕಾಲದಲ್ಲಿ ವ್ಯಾಪಾರದ ಹೆಸರೇ 'ಕುಮಟಾ' ಹತ್ತಿ. ಬೆಳೆದದ್ದು ನಮ್ಮ ಎರೆಹೊಲದಲ್ಲಿ, ಹೆಸರು ಮಾತ್ರ ಬಂದರಿನದ್ದು. ಎತ್ತಿನ ಬೆನ್ನ ಮೇಲೆ, ಬಂಡಿಯಲ್ಲಿ ಘಟ್ಟ ಇಳಿದು ಅಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ಈ ಹತ್ತಿಯ ಆಸೆಗೇ 1862ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರವಾರ ದೊಡ್ಡ ಬಂದರಾಗುತ್ತದೆ, ರೈಲು ಬರುತ್ತದೆ ಅಂತ ಎಲ್ಲರೂ ಕಾದರು. 1880ರ ದಶಕದಲ್ಲಿ ರೈಲು ಹೋಗಿದ್ದು ಗೋವೆಯ ಮರ್ಮಗೋವಾ ಕಡೆಗೆ. ಹತ್ತಿ ರೈಲು ಹತ್ತಿತು, ಕಾರವಾರ ಮಲಗಿತು. ಸಮುದ್ರದ ವಿಷಯದಲ್ಲಿ ಸರ್ಕಾರದ ಮಾತು ನಂಬಿ ಕಾಯುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ ಬಿಡಿ.

ಮುಂದಿನ ಬಾರಿ ಮಾತು ಕೊಟ್ಟಿದ್ದು ರಾಜೀವ್ ಗಾಂಧಿ. 1986ರ ಅಕ್ಟೋಬರಿನಲ್ಲಿ ಕಾರವಾರದ ಹತ್ತಿರ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು. ಮುಂಬಯಿ ಬಂದರು ವ್ಯಾಪಾರಿ ಹಡಗುಗಳಿಂದ ಕಿಕ್ಕಿರಿದಿತ್ತು, ನೌಕಾಪಡೆಗೆ ಅದರದ್ದೇ ಒಂದು ಜಾಗ ಬೇಕಿತ್ತು. ಆಗಿನ ಅಂದಾಜು 350 ಕೋಟಿ ರೂಪಾಯಿ. ಅಷ್ಟರಲ್ಲಿ 1991ರ ಆರ್ಥಿಕ ಬಿಕ್ಕಟ್ಟು ಬಂತು, ಕಲ್ಲು ಕಲ್ಲಾಗಿಯೇ ಉಳಿಯಿತು. ಯೋಜನೆಯನ್ನು ಕತ್ತರಿಸಿ ಚಿಕ್ಕದು ಮಾಡಿದರು. ಆ ಚಿಕ್ಕದಾದ ಮೊದಲ ಹಂತಕ್ಕೇ ಅಂದಾಜು 1,294 ಕೋಟಿಗೆ ಏರಿತು. ಕೊನೆಗೆ 2005ರ ಮೇ 31ರಂದು ರಕ್ಷಣಾ ಸಚಿವ ಪ್ರಣಬ್ ಮುಖರ್ಜಿ ನೆಲೆಯನ್ನು ಉದ್ಘಾಟಿಸಿದರು. ಹೆಸರು ಐಎನ್‌ಎಸ್ ಕದಂಬ. ಹಾನಗಲ್ಲು ನಮ್ಮದೇ ಜಿಲ್ಲೆಯಲ್ಲಿರುವುದರಿಂದ ಆ ಹೆಸರಿನಲ್ಲಿ ನಮಗೂ ಒಂದು ಪಾಲು ಇದೆ ಅಂತ ನನ್ನ ವಾದ.

ನೆಲೆ ಏನೋ ಆಯ್ತು. ಅಲ್ಲಿ ನಿಲ್ಲಬೇಕಾದ ಹಡಗು?

ಇಲ್ಲಿಂದ ನಿಜವಾದ ಕಥೆ. ಬಾಕು ಎಂಬ ಸೋವಿಯತ್ ಹಡಗು 1987ರಲ್ಲಿ ಅವರ ನೌಕಾಪಡೆಗೆ ಸೇರಿತು. ಆಮೇಲೆ ಅಡ್ಮಿರಲ್ ಗೊರ್ಷ್‌ಕೋವ್ ಅಂತ ಹೆಸರು ಬದಲಾಯ್ತು. 1994ರಲ್ಲಿ ಬಾಯ್ಲರ್ ಕೋಣೆಯಲ್ಲಿ ಸ್ಫೋಟವಾಯಿತು. 1996ರಲ್ಲಿ ಹಡಗು ಮೂಲೆ ಸೇರಿತು. ಅದನ್ನು ನಡೆಸುವಷ್ಟು ದುಡ್ಡು ರಷ್ಯಾದ ಹತ್ತಿರ ಇರಲಿಲ್ಲ. ನಮ್ಮ ಹಳೆಯ ವಿಕ್ರಾಂತ್ 1997ರ ಜನವರಿಯಲ್ಲಿ ನಿವೃತ್ತಿಯಾಗಿತ್ತು. ಉಳಿದಿದ್ದ ವಿರಾಟ್ ಬ್ರಿಟಿಷರು ಬಳಸಿ ನಮಗೆ ಮಾರಿದ್ದು. ವಿಮಾನವಾಹಕ ಹಡಗು ಸಂತೆಯಲ್ಲಿ ಸಿಗುವ ಸಾಮಾನಲ್ಲ. ಮಾರುವವರು ಲೋಕದಲ್ಲಿ ಒಬ್ಬಿಬ್ಬರು ಸಿಕ್ಕರೆ ಹೆಚ್ಚು.

ಹತ್ತು ವರ್ಷ ಮಾತುಕತೆ ಎಳೆದಾಡಿತು. ಸಹಿ ಬಿದ್ದಿದ್ದು 2004ರ ಜನವರಿ 20ರಂದು. ಆಗ ರಕ್ಷಣಾ ಸಚಿವರಾಗಿದ್ದವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. (ಕಾರವಾರಕ್ಕೆ ಕಡೆಗೂ ರೈಲು ತಂದ ಕೊಂಕಣ ರೈಲ್ವೆಯ ಹಿಂದೆ ಇದ್ದವರೂ ಇವರೇ. ಆ ಊರಿಗೆ ಎರಡು ಬಾರಿ ಉಪಕಾರ ಮಾಡಿದರು ಅನ್ನಬೇಕೋ ಏನೋ.) ಹಡಗಿಗೆ ಬೆಲೆಯಿಲ್ಲ, ರಿಪೇರಿ ಮತ್ತು ಮಾರ್ಪಾಡಿಗೆ 97.4 ಕೋಟಿ ಡಾಲರ್. ಮಿಗ್-29ಕೆ ವಿಮಾನಗಳು ಬೇರೆ, ಎಲ್ಲ ಸೇರಿ ಸುಮಾರು 150 ಕೋಟಿ ಡಾಲರ್. 2008ಕ್ಕೆ ಹಡಗು ಕೈಗೆ ಬರಬೇಕು. ಸಹಿಯಾಗಿ ಹದಿನೇಳು ದಿನಕ್ಕೆ, ಫೆಬ್ರವರಿ 6ರಂದು ಲೋಕಸಭೆ ವಿಸರ್ಜನೆ. ಮೇ ತಿಂಗಳಲ್ಲಿ ಸರ್ಕಾರವೇ ಬದಲಾಯ್ತು. ಸಹಿ ಮಾಡಿದವರು ಒಬ್ಬರು, ಬಿಲ್ಲು ಕಟ್ಟಿದವರು ಇನ್ನೊಬ್ಬರು.

ಬಿಲ್ಲು ಹೇಗೆ ಬೆಳೆಯಿತು ಅನ್ನುವುದು ನನ್ನಂಥ ಸಾಫ್ಟ್‌ವೇರ್ ಜನಕ್ಕೆ ಚೆನ್ನಾಗಿ ಅರ್ಥವಾಗುತ್ತದೆ. ಇನ್ನೊಬ್ಬರು ಬರೆದ ಹಳೇ ಕೋಡನ್ನು ಬಿಚ್ಚಿ ನೋಡದೆ "ಆರು ತಿಂಗಳು ಸಾಕು" ಅಂತ ಅಂದಾಜು ಕೊಟ್ಟು ಕೈ ಸುಟ್ಟುಕೊಂಡವರಲ್ಲಿ ನಾನೂ ಒಬ್ಬ. ಗೊರ್ಷ್‌ಕೋವ್ ರಿಪೇರಿಗೆ ಹೋಗಿದ್ದು ಉತ್ತರ ರಷ್ಯಾದ ಸೆವೆರೊದ್ವಿನ್‌ಸ್ಕ್‌ನ ಸೆವ್‌ಮಾಶ್ ಕಾರ್ಖಾನೆಗೆ. ಅದು ಜಲಾಂತರ್ಗಾಮಿ ಕಟ್ಟುವುದರಲ್ಲಿ ಎತ್ತಿದ ಕೈ, ಆದರೆ ಇಂಥ ಹಡಗಿನ ಅನುಭವ ಇರಲಿಲ್ಲ. ಹಡಗು ಹುಟ್ಟಿದ ಕಾರ್ಖಾನೆ ಉಕ್ರೇನಿನ ಮೈಕೊಲಾಯಿವ್‌ನಲ್ಲಿ, ಅಂದರೆ ಈಗ ಬೇರೆ ದೇಶ. ಬಿಚ್ಚಿದಷ್ಟೂ ಕೆಲಸ ಹೊರಬಿತ್ತು. ಬದಲಾಯಿಸಬೇಕಾದ ಕೇಬಲ್ಲೇ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು! ಹಡಗಿನ ಉದ್ದ ನೋಡಿದರೆ 284 ಮೀಟರ್.

2007ರಲ್ಲಿ ರಷ್ಯಾ ಇನ್ನೂ 120 ಕೋಟಿ ಡಾಲರ್ ಬೇಕು ಅಂತ ಕೇಳಿತು. ನಾವು ಕೊಡದೆ ಎದ್ದು ಬರಬಹುದಿತ್ತಾ? ಅಷ್ಟು ಹೊತ್ತಿಗೆ ಕಂತಿನ ಹಣ ಹೋಗಿತ್ತು. ಆ ಹಡಗಿಗೆಂದೇ ವಿಮಾನ ಆರ್ಡರ್ ಆಗಿತ್ತು. ವಿರಾಟ್ ಮುಪ್ಪಾಗಿತ್ತು. ಇದೆಲ್ಲ ಮಾರುವವನಿಗೂ ಗೊತ್ತಿತ್ತು. 2009ರಲ್ಲಿ ಸಿಎಜಿ ವರದಿ ಬಂತು. ಅರ್ಧ ಆಯಸ್ಸಿನ ಸೆಕೆಂಡ್ ಹ್ಯಾಂಡ್ ಹಡಗಿಗೆ ಹೊಸದಕ್ಕಿಂತ ಶೇಕಡಾ 60ರಷ್ಟು ಹೆಚ್ಚು ಕೊಡುತ್ತಿದ್ದೇವೆ ಅಂತ ಅದು ಟೀಕಿಸಿತು. ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು. 2010ರ ಮಾರ್ಚಿನಲ್ಲಿ ಹೊಸ ಒಪ್ಪಂದವಾದಾಗ ಮೊತ್ತ 230 ಕೋಟಿ ಡಾಲರ್ ದಾಟಿತ್ತು. 2012ರಲ್ಲಿ ಸಮುದ್ರ ಪರೀಕ್ಷೆಗೆ ಇಳಿಸಿದರೆ ಎಂಟರಲ್ಲಿ ಏಳು ಬಾಯ್ಲರ್ ಕೈಕೊಟ್ಟವು. ಅಂತೂ 2013ರ ನವೆಂಬರ್ 16ರಂದು ರಕ್ಷಣಾ ಸಚಿವ ಎ.ಕೆ. ಆಂಟನಿ ಅಲ್ಲಿಗೇ ಹೋಗಿ ಹಡಗನ್ನು ಸೇವೆಗೆ ಸೇರಿಸಿಕೊಂಡರು. ದೊಡ್ಡಪ್ಪ ಓದಿದ್ದು ಆಮೇಲಿನ ಜನವರಿಯ ಪೇಪರು.

ಕಾರವಾರಕ್ಕೆ ಬಂದ ಮೇಲೂ ಲೆಕ್ಕ ಮುಗಿಯಲಿಲ್ಲ. 2016ರ ಜೂನಿನಲ್ಲಿ ಹಡಗಿನೊಳಗೆ ವಿಷಾನಿಲಕ್ಕೆ ಒಬ್ಬ ನಾವಿಕ, ಒಬ್ಬ ಗುತ್ತಿಗೆ ಕೆಲಸಗಾರ ಸತ್ತರು. 2019ರ ಏಪ್ರಿಲಿನಲ್ಲಿ ಬಂದರಿನ ಬಾಗಿಲಲ್ಲೇ ಬೆಂಕಿ ಬಿದ್ದು, ಅದನ್ನು ಆರಿಸಲು ಹೋದ ಯುವ ಅಧಿಕಾರಿ ಉಳಿಯಲಿಲ್ಲ.

ಇಷ್ಟು ಓದಿದರೆ ಸಹಿ ಮಾಡಿದ್ದೇ ತಪ್ಪು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಸಹಿ ಮಾಡದೇ ಇದ್ದರೆ ಏನಾಗುತ್ತದೆ ಅನ್ನುವ ಕಥೆ ಸಿಕ್ಕಿತು, ಅದು ಇನ್ನೂ ದುಬಾರಿ.

1981ರ ಡಿಸೆಂಬರಿನಲ್ಲಿ ಪಶ್ಚಿಮ ಜರ್ಮನಿಯ ಎಚ್‌ಡಿಡಬ್ಲ್ಯು ಕಂಪನಿ ಜೊತೆ ನಾಲ್ಕು ಜಲಾಂತರ್ಗಾಮಿಗಳಿಗೆ ಒಪ್ಪಂದವಾಗಿತ್ತು, ಸುಮಾರು 420 ಕೋಟಿ ರೂಪಾಯಿಗೆ. ಎರಡು ಅವರು ಕೀಲ್ ನಗರದಲ್ಲಿ ಕಟ್ಟಿ ಕೊಡುವುದು, ಇನ್ನೆರಡನ್ನು ನಮ್ಮವರು ಕಲಿತು ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಕಟ್ಟುವುದು. ಮುಂದೆ ಇನ್ನೂ ಎರಡು ಕೊಳ್ಳುವ ಮಾತಿತ್ತು. ಒಳ್ಳೆಯ ಏರ್ಪಾಡೇ. 1987ರ ಆರಂಭದಲ್ಲಿ, ಈ ವ್ಯವಹಾರದಲ್ಲಿ ಶೇಕಡಾ 7 ಕಮಿಷನ್ ಹೋಗಿದೆ ಎಂದು ನಮ್ಮ ರಾಯಭಾರ ಕಚೇರಿಯಿಂದ ತಂತಿ ಬಂತು. ರಕ್ಷಣಾ ಸಚಿವ ವಿ.ಪಿ. ಸಿಂಗ್ ಏಪ್ರಿಲಿನಲ್ಲಿ ತನಿಖೆಗೆ ಆದೇಶ ಮಾಡಿ, ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟು ಹೊರನಡೆದರು. ಅದೇ ತಿಂಗಳು ಬೊಫೋರ್ಸ್ ಕೂಡ ಹೊರಬಿತ್ತು. ಮುಂದಿನ ಚುನಾವಣೆ ಏನಾಯ್ತು ಅಂತ ನಿಮಗೆ ಗೊತ್ತೇ ಇದೆ.

ಇನ್ನೆರಡು ಜಲಾಂತರ್ಗಾಮಿಗಳ ಮಾತು ಅಲ್ಲಿಗೇ ಬಿತ್ತು. ಸಿಬಿಐ ವರ್ಷಗಟ್ಟಲೆ ಹುಡುಕಿ, ಸಾಕ್ಷ್ಯ ಇಲ್ಲ ಎಂದು ಪ್ರಕರಣ ಮುಚ್ಚಿತು. ಕಮಿಷನ್ ಯಾರು ತಿಂದರೋ ದೇವರಿಗೇ ಗೊತ್ತು. 1994ರಲ್ಲಿ ಶಂಕುಲ್ ಸೇವೆಗೆ ಸೇರಿದ ಮೇಲೆ ಮಜಗಾಂವ್ ಡಾಕ್‌ನಿಂದ ಮುಂದಿನ ಜಲಾಂತರ್ಗಾಮಿ, ಕಲ್ವರಿ, ಸೇವೆಗೆ ಸೇರಿದ್ದು 2017ರ ಡಿಸೆಂಬರಿನಲ್ಲಿ. ಇಪ್ಪತ್ತಮೂರು ವರ್ಷ! ಕಲಿತ ಬೆಸುಗೆಯವರು, ಫಿಟ್ಟರುಗಳು ಅಷ್ಟು ಹೊತ್ತಿಗೆ ಎಲ್ಲಿದ್ದರೋ. ಅದರ ಫ್ರೆಂಚ್ ಒಪ್ಪಂದ 2005ರಲ್ಲಿ 18,798 ಕೋಟಿಗೆ ಶುರುವಾಗಿ 2010ಕ್ಕೆ 23,562 ಕೋಟಿಗೆ ಹೋಗಿತ್ತು. ಅದಕ್ಕೆ ಬೇಕಿದ್ದ ಇಟಲಿಯ ಟಾರ್ಪೆಡೋ ಖರೀದಿ 2016ರಲ್ಲಿ ರದ್ದಾಯಿತು. ಕಾರಣ ಅದೇ ಕಂಪನಿಯ ಬಳಗದ ಹೆಲಿಕಾಪ್ಟರ್ ಹಗರಣ. ಇನ್ನೊಂದು ತಮಾಷೆ: ಮುಂದಿನ ಆರು ಜಲಾಂತರ್ಗಾಮಿಗಳಿಗೆ 2025ರಲ್ಲಿ ಮಜಗಾಂವ್ ಡಾಕ್ ಜೊತೆಯಾಗಿ ಬೆಲೆಯ ಮಾತುಕತೆಗೆ ಕೂತಿದ್ದು ಟಿಕೆಎಂಎಸ್, ಅಂದರೆ ಅದೇ ಎಚ್‌ಡಿಡಬ್ಲ್ಯುವನ್ನು ನುಂಗಿಕೊಂಡ ಜರ್ಮನ್ ಕಂಪನಿ.

ನಾವೇ ಕಟ್ಟಿಕೊಂಡರೆ ಅಂದಾಜು ಸರಿ ಬರುತ್ತದೆಯಾ? ಕೊಚ್ಚಿಯಲ್ಲಿ ಕಟ್ಟಿದ ಹೊಸ ವಿಕ್ರಾಂತ್‌ಗೆ 2003ರಲ್ಲಿ ಮಂಜೂರಾಗಿದ್ದು 3,261 ಕೋಟಿ, 2022ರ ಸೆಪ್ಟೆಂಬರಿನಲ್ಲಿ ಸೇವೆಗೆ ಸೇರುವಾಗ ಆಗಿದ್ದು ಸುಮಾರು 20,000 ಕೋಟಿ. ಆದರೂ ನನಗೆ ಇದರ ಬಗ್ಗೆ ಅಷ್ಟು ಹೊಟ್ಟೆಯುರಿ ಇಲ್ಲ. ಹೆಚ್ಚಾದ ಹಣದಲ್ಲಿ ದೊಡ್ಡ ಪಾಲು ಇಲ್ಲೇ ಉಳಿಯಿತು, ಕೆಲಸ ಕಲಿತವರೂ ಇಲ್ಲೇ ಉಳಿದರು. ಅವರಿಗೆ ಮುಂದಿನ ಹಡಗು ಯಾವಾಗ ಕೊಡುತ್ತಾರೆ ಅನ್ನುವುದು ಬೇರೆ ಪ್ರಶ್ನೆ.

ಹಡಗಿನ ದರದ ಮಧ್ಯೆ ಇನ್ನೊಂದು ದರ ಮರೆತೇಹೋಗುತ್ತದೆ. ಸೀಬರ್ಡಿಗಾಗಿ ಅರ್ಗಾ, ಬಿಣಗಾ ಸೇರಿದಂತೆ ಕಾರವಾರ-ಅಂಕೋಲಾ ನಡುವಿನ ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋದವು. ಗದ್ದೆ ಮಾಡುತ್ತಿದ್ದವರು, ಬಲೆ ಬೀಸುತ್ತಿದ್ದವರು. ತೋಡೂರಿನಂಥ ಕಡೆ ನಿರಾಶ್ರಿತರ ಕಾಲೊನಿಗಳಾದವು. ಜಮೀನಿನ ದರ ತೀರಾ ಕಡಿಮೆಯಾಯಿತು ಎಂದು ಅವರು ಕೋರ್ಟಿಗೆ ಹೋದರು. ಹೆಚ್ಚುವರಿ ಪರಿಹಾರಕ್ಕಾಗಿ ಅಲೆದಾಟ ದಶಕಗಳ ಕಾಲ ನಡೆಯಿತು. ಸೆವ್‌ಮಾಶ್ ಕಾರ್ಖಾನೆ ದರ ಸಾಲದು ಅಂದ ಮೂರು ವರ್ಷಕ್ಕೆ ಹೊಸ ಒಪ್ಪಂದ ಆಗಿತ್ತು.

ಮೊನ್ನೆ ದೊಡ್ಡಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಡಾಲರ್ ಲೆಕ್ಕ ಅವರಿಗೆ ಬೇಕಿರಲಿಲ್ಲ. "ಆ ಕೋರ್ಟಿಗೆ ಹೋದವರಿಗೆ ಬಡ್ಡಿ ಸೇರಿಸಿ ಕೊಟ್ರೇನು?" ಅಂತ ಕೇಳಿದರು. ಆಮೇಲೆ ಈ ವರ್ಷದ ಕಾಯಿ ವಿಷಯಕ್ಕೆ ಬಂದರು. ಬ್ಯಾಡಗಿಯಲ್ಲಿ 2024ರ ಮಾರ್ಚಿನಲ್ಲಿ ಒಂದೇ ದಿನ ದರ ಬಿದ್ದು, ರೈತರು ಸಿಟ್ಟಿಗೆದ್ದು ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ್ದರಲ್ಲ, ಅವತ್ತಿನಿಂದ ಅವರಿಗೆ ಟೆಂಡರ್ ಅಂದರೆ ಭಯ.