ವಿಲೀನದ ಕಾಲದ ಸಂದೇಶ ಸಾಲುಗಳು: ಬ್ಯಾಂಕಿಂಗ್ ಅಪ್ಲಿಕೇಷನ್ ಸರ್ವರ್‌ಗಳಲ್ಲಿ ಸಂಪರ್ಕದ ಲೆಕ್ಕ

ಮುಂಬಯಿಯ ಪವಾಯಿ ಕೆರೆಯ ಎದುರು, ಆದಿ ಶಂಕರಾಚಾರ್ಯ ಮಾರ್ಗದಲ್ಲಿ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದ ತಂತ್ರಜ್ಞಾನ ಕೇಂದ್ರವಿದೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಕಾರ್ಪೊರೇಷನ್ ಬ್ಯಾಂಕು 2020ರ ಏಪ್ರಿಲ್ 1ರಂದು ಆಂಧ್ರ ಬ್ಯಾಂಕಿನೊಂದಿಗೆ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಮೂರೂ ಬ್ಯಾಂಕುಗಳು ಇನ್ಫೋಸಿಸ್‌ನ ಫಿನಾಕಲ್ ಬಳಸುತ್ತಿದ್ದುದನ್ನು ಆಗ ಅನುಕೂಲವೆಂದು ಎಣಿಸಲಾಗಿತ್ತು. ಅದು ನಿಜವೇ. ಆದರೆ ತಂತ್ರಾಂಶ ಒಂದೇ ಆದ ಮಾತ್ರಕ್ಕೆ ಅದರ ಸುತ್ತಲಿನ ಸಂದೇಶ ಸಾಲುಗಳು ತಾವಾಗಿ ಕೂಡಿಕೊಳ್ಳುವುದಿಲ್ಲ. ಯಾವುದೇ ಒಂದು ಬ್ಯಾಂಕಿನ ಒಳಜೋಡಣೆ ಈ ಲೇಖನದ ವಸ್ತುವಲ್ಲ. ಇಂಥ ವಿಲೀನ ಮುಂದಿಡುವ ಸಾಮಾನ್ಯ ಪ್ರಶ್ನೆಯನ್ನು ಸಂದೇಶ ಸಾಲುಗಳನ್ನು ನಡೆಸುವ ಐಬಿಎಂ ಎಂಕ್ಯೂ ಮತ್ತು ಅಪ್ಲಿಕೇಷನ್ ಸರ್ವರ್ ಆದ ವೆಬ್‌ಸ್ಫಿಯರ್ ಜೋಡಿಯನ್ನು ಮಾದರಿಯಾಗಿಟ್ಟುಕೊಂಡು ಇಲ್ಲಿ ಪರಿಶೀಲಿಸಿದೆ. ಅಪ್ಲಿಕೇಷನ್ ಸರ್ವರ್‌ನ ಸಂಪರ್ಕ ಪೂಲ್ ಮಿತಿಯನ್ನು ಒಬ್ಬರು, ಕ್ಯೂ ಮ್ಯಾನೇಜರ್‌ನ ಚಾನೆಲ್ ಮಿತಿಯನ್ನು ಇನ್ನೊಬ್ಬರು ಬೇರೆ ಬೇರೆಯಾಗಿ ನಿಗದಿಪಡಿಸುವ ರೂಢಿ ಅಪಾಯಕಾರಿ. ಎರಡೂ ಒಂದೇ ಲೆಕ್ಕ, ಅದು ಪಾವತಿಯ ನಿಯಮದಿಂದ ಶುರುವಾಗಬೇಕು ಎಂಬುದು ನನ್ನ ವಾದ.

ನೆಫ್ಟ್ ವ್ಯವಸ್ಥೆಯನ್ನೇ ತೆಗೆದುಕೊಳ್ಳೋಣ. 2019ರ ಡಿಸೆಂಬರ್ 16ರಿಂದ ಅದು ದಿನವಿಡೀ ನಡೆಯುತ್ತದೆ, ಅರ್ಧ ಗಂಟೆಗೊಂದರಂತೆ 48 ಬ್ಯಾಚ್‌ಗಳಲ್ಲಿ. ಹೀಗಾಗಿ ಸಂದೇಶಗಳು ಒಂದೇ ಸಮನೆ ಹರಿದು ಬರುವುದಿಲ್ಲ, ಬ್ಯಾಚ್ ಮುಗಿದೊಡನೆ ಒಟ್ಟಾಗಿ ನುಗ್ಗುತ್ತವೆ. ಬ್ಯಾಚ್ ಇತ್ಯರ್ಥವಾದ ಎರಡು ಗಂಟೆಯೊಳಗೆ ಹಣ ಖಾತೆಗೆ ಸೇರಬೇಕು, ಇಲ್ಲವೇ ಕಳಿಸಿದ ಬ್ಯಾಂಕಿಗೆ ಮರಳಬೇಕು. ತಡವಾದರೆ ರೆಪೊ ದರದ ಮೇಲೆ ಶೇ. 2 ಸೇರಿಸಿ ಬಡ್ಡಿ ಕೊಡಬೇಕು. ದಿನದ ಸರಾಸರಿ ನೋಡಿ ಪೂಲ್‌ನ ಗಾತ್ರ ನಿರ್ಧರಿಸಿದರೆ ಈ ನೂಕುನುಗ್ಗಲು ಲೆಕ್ಕಕ್ಕೆ ಸಿಗುವುದೇ ಇಲ್ಲ.

ಈಗ ಅಂಕಿಗಳಿಗೆ ಬರೋಣ. ವೆಬ್‌ಸ್ಫಿಯರ್‌ನಲ್ಲಿ ಕನೆಕ್ಷನ್ ಫ್ಯಾಕ್ಟರಿಯೊಂದರ ಪೂಲ್ ಮೊದಲಿನಿಂದ 10 ಸಂಪರ್ಕಗಳಿಗೆ ಹೊಂದಿಸಿರುತ್ತದೆ. ಪ್ರತಿ ಸಂಪರ್ಕದ ಸೆಷನ್ ಪೂಲ್ ಕೂಡ 10. ಸಂಪರ್ಕವೂ ಸೆಷನ್ನೂ ಕ್ಯೂ ಮ್ಯಾನೇಜರ್‌ನೊಡನೆ ತಲಾ ಒಂದು ಸಂವಾದ ತೆರೆಯುವುದರಿಂದ ಒಟ್ಟು 10 ಮತ್ತು 100, ಅಂದರೆ 110 ಸಂವಾದಗಳು. ಕ್ಲಸ್ಟರ್‌ನಲ್ಲಿ ನಾಲ್ಕು ಸರ್ವರ್‌ಗಳಿದ್ದರೆ 440. ಒಂದು ಚಾನೆಲ್ 10 ಸಂವಾದಗಳನ್ನು ಹಂಚಿಕೊಳ್ಳಬಹುದು ಎಂಬುದು ಎಂಕ್ಯೂನ ಮೂಲ ಮೌಲ್ಯ. ಆಗ 44 ಚಾನೆಲ್ ಸಾಕು. ಆದರೆ ವೇಗ ಹೆಚ್ಚಲೆಂದು ಈ ಹಂಚಿಕೆಯನ್ನು 1ಕ್ಕೆ ಇಳಿಸುವುದುಂಟು. ವೇಗದ ಮಟ್ಟಿಗೆ ಅದು ಸರಿಯಾದ ಸಲಹೆಯೇ, ಆದರೆ ಅದೇ ಘಳಿಗೆಯಲ್ಲಿ ಬೇಕಾಗುವ ಚಾನೆಲ್‌ಗಳು 44ರಿಂದ 440ಕ್ಕೆ ಏರುತ್ತವೆ. ಕ್ಯೂ ಮ್ಯಾನೇಜರ್‌ನ ಗರಿಷ್ಠ ಚಾನೆಲ್ ಮಿತಿಯ ಮೂಲ ಮೌಲ್ಯ ಬಹುಕಾಲ 100 ಇತ್ತು. ಅದನ್ನು ಯಾರೂ ಮುಟ್ಟದಿದ್ದರೆ ಕ್ಯೂ ಮ್ಯಾನೇಜರ್‌ನ ಲಾಗ್‌ನಲ್ಲಿ ಎಎಂಕ್ಯೂ9513 ಎಂಬ ಸಂದೇಶ ಕಾಣಿಸುತ್ತದೆ, ಚಾನೆಲ್‌ಗಳು ಮುಗಿದಿವೆ ಎಂದು. ಅಪ್ಲಿಕೇಷನ್ ತಂಡಕ್ಕೆ ಕಾಣುವುದು ಸಂಪರ್ಕ ಸಿಗುತ್ತಿಲ್ಲ ಎಂಬುದಷ್ಟೇ. ಆ ತಂಡ ಪೂಲ್‌ನ ಗಾತ್ರವನ್ನೇ ಹಿಗ್ಗಿಸಿದರೆ ಸಮಸ್ಯೆ ಇನ್ನೂ ಬಿಗಡಾಯಿಸುತ್ತದೆ. ಇಂಥ ಎರಡು ವ್ಯವಸ್ಥೆಗಳ ಸಂದೇಶಗಳು ವಿಲೀನದಲ್ಲಿ ಒಂದೇ ಕ್ಯೂ ಮ್ಯಾನೇಜರ್‌ಗೆ ಬಂದು ಸೇರಿದರೆ, ಹಿಂದೆ ಇಬ್ಬರಿಗೂ ಸಾಕಾಗಿದ್ದ ಅಂಕಿ ಈಗ ಯಾರಿಗೂ ಸಾಲದು.

ಇನ್ನೊಂದು ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಕಾರ್ಪೊರೇಷನ್ ಬ್ಯಾಂಕಿನ ಶಾಖೆಗಳ ಐಎಫ್‌ಎಸ್‌ಸಿ ಸಂಕೇತ ಸಿಓಆರ್‌ಪಿಯಿಂದ ಯುಬಿಐಎನ್‌ಗೆ ಬದಲಾದದ್ದು 2021ರ ಏಪ್ರಿಲ್ 1ರಿಂದ. ಅಲ್ಲಿಯವರೆಗೆ ಹಳೆಯ ವಿಳಾಸವೂ ಚಲಾವಣೆಯಲ್ಲಿತ್ತು. ಹೀಗೆ ಎರಡು ವಿಳಾಸಗಳಿರುವ ಕಾಲದಲ್ಲಿ, ತನಗೆ ಗುರುತು ಸಿಗದ ಸಂಕೇತವನ್ನು ಕಂಡ ಪ್ರೋಗ್ರಾಂ ದೋಷ ಎಸೆದರೆ ವಹಿವಾಟು ರೋಲ್‌ಬ್ಯಾಕ್ ಆಗುತ್ತದೆ, ಸಂದೇಶ ಸಾಲಿನಲ್ಲಿ ತನ್ನ ಹಳೆಯ ಜಾಗಕ್ಕೇ ಮರಳುತ್ತದೆ. ಸಾಲಿನ ಬ್ಯಾಕ್‌ಔಟ್ ಮಿತಿಯ ಮೂಲ ಮೌಲ್ಯ 0. ಇಷ್ಟು ಸಲ ಸೋತರೆ ಪಕ್ಕಕ್ಕಿಡು ಎಂಬ ಆಜ್ಞೆಯೇ ಅಲ್ಲಿ ಇಲ್ಲ. ಹೊಂದಿಕೆ ಹೇಗಿದೆ ಎಂಬುದರ ಮೇಲೆ, ಒಂದೋ ಅದೇ ಸಂದೇಶ ಕೊನೆಯಿಲ್ಲದೆ ಮತ್ತೆ ಮತ್ತೆ ಬರುತ್ತದೆ, ಇಲ್ಲವೇ ಸಾಲನ್ನು ಓದುವ ಕೆಲಸವೇ ನಿಲ್ಲುತ್ತದೆ. ಇಂಥ ಹತ್ತು ಸಂದೇಶಗಳು ಹತ್ತು ಥ್ರೆಡ್‌ಗಳನ್ನು ಹಿಡಿದುಕೊಂಡರೆ ಹಿಂದಿರುವ ಸಂಬಳ, ಪಿಂಚಣಿಗಳೆಲ್ಲ ಕಾಯಬೇಕು, ಎರಡು ಗಂಟೆಯ ಗಡುವು ಮಾತ್ರ ಕಾಯುವುದಿಲ್ಲ. ಪಾವತಿಯ ಸಾಲಿಗೆ ಈ ಮೌಲ್ಯವನ್ನು 0 ಆಗಿಯೇ ಬಿಡುವುದನ್ನು ನಾನು ಕರ್ತವ್ಯಲೋಪವೆಂದೇ ಕರೆಯುತ್ತೇನೆ. ಸಣ್ಣದೊಂದು ಮಿತಿ, ಪ್ರತ್ಯೇಕ ಬ್ಯಾಕ್‌ಔಟ್ ಸಾಲು, ಆ ಸಾಲಿನ ಮೇಲೆ ಕಣ್ಣಿಡುವ ಒಬ್ಬ ಸಿಬ್ಬಂದಿ: ಮೂರೂ ಬೇಕು.

ಸತ್ತ ಸಂಪರ್ಕಗಳದ್ದು ಬೇರೆಯೇ ತೊಂದರೆ. ಬಳಕೆಯಾಗದ ಸಂಪರ್ಕವನ್ನು ಫೈರ್‌ವಾಲ್ ಸದ್ದಿಲ್ಲದೆ ಕಡಿದುಹಾಕಬಹುದು. ಪೂಲ್‌ಗೆ ಅದು ಜೀವಂತವಾಗಿಯೇ ಕಾಣುತ್ತದೆ. ವೆಬ್‌ಸ್ಫಿಯರ್‌ನಲ್ಲಿ ಬಳಕೆಯಿಲ್ಲದ ಅವಧಿಯ ಮೂಲ ಮೌಲ್ಯ 1800 ಸೆಕೆಂಡು, ತೆರವು ಮಾಡುವ ಸುತ್ತಿನದು 180 ಸೆಕೆಂಡು. ಇವೆರಡರ ಮೊತ್ತ ಫೈರ್‌ವಾಲ್‌ನ ಗಡುವಿಗಿಂತ ಕಡಿಮೆಯಿರಬೇಕು, ಕನಿಷ್ಠ ಸಂಪರ್ಕಗಳ ಸಂಖ್ಯೆ 0 ಇರಬೇಕು. ಇಲ್ಲದಿದ್ದರೆ ಆ ಕನಿಷ್ಠ ಸಂಖ್ಯೆಗಿಂತ ಕೆಳಕ್ಕೆ ತೆರವು ನಡೆಯುವುದೇ ಇಲ್ಲ.

2020ರ ಡಿಸೆಂಬರ್ 14ರಿಂದ ಆರ್‌ಟಿಜಿಎಸ್ ಕೂಡ ದಿನವಿಡೀ ನಡೆಯುತ್ತಿದೆ. ರಾತ್ರಿ ಎಲ್ಲವನ್ನೂ ನಿಲ್ಲಿಸಿ ಸಂರಚನೆ ಬದಲಿಸುವ ನಿರಾಳ ಅಂದಿಗೆ ಹೋಯಿತು. ಒಂದೊಂದೇ ಸರ್ವರ್ ಇಳಿಸಿ, ಬದಲಿಸಿ, ಏರಿಸಬೇಕಾದ ಈಗಿನ ಸ್ಥಿತಿಯಲ್ಲಿ ಇಳಿದ ಸರ್ವರ್‌ನ ಹೊರೆ ಉಳಿದವುಗಳ ಮೇಲೆ ಬೀಳುತ್ತದೆ. ಆದ್ದರಿಂದ ನಾಲ್ಕು ಸರ್ವರ್‌ಗಳ ಕ್ಲಸ್ಟರ್‌ನಲ್ಲಿ ಮೂರೇ ಸರ್ವರ್‌ಗಳು ಒಂದು ನೆಫ್ಟ್ ಬ್ಯಾಚ್‌ನ ನೂಕುನುಗ್ಗಲನ್ನು ಎರಡು ಗಂಟೆಯೊಳಗೆ ತೀರಿಸುವಂತೆ ಪೂಲ್‌ನ ಗಾತ್ರವನ್ನು ಮೊದಲು ಗೊತ್ತುಮಾಡಿ, ನಾಲ್ಕೂ ಸರ್ವರ್‌ಗಳ ಒಟ್ಟು ಸಂವಾದಗಳಿಗೆ ಸಾಲುವಷ್ಟು ಚಾನೆಲ್ ಮಿತಿಯನ್ನು ಆಮೇಲೆ ಬರೆಯಬೇಕು, ಎರಡನ್ನೂ ಒಂದೇ ಹಾಳೆಯಲ್ಲಿ, ಎರಡೂ ತಂಡಗಳ ಸಹಿಯೊಂದಿಗೆ.