ಕಿಮೋ ನಡೆದಿರುವ ಮಗುವಿಗೆ ಹೊಟ್ಟೆನೋವೇ? ಬೆಳಗಾಗುವತನಕ ಕಾಯಬೇಡಿ

ಯಂಕಂಚಿ (ಸಿಂದಗಿ): ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ರಕ್ತ ಕ್ಯಾನ್ಸರ್‌ನದೇ ದೊಡ್ಡ ಪಾಲು. ಅದರ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಯಲ್ಲಿ ಕಿಮೋಥೆರಪಿ ಪಡೆದರೂ ಮಗು ಹೆಚ್ಚು ದಿನ ಇರುವುದು ಊರಲ್ಲೇ. ಇಲ್ಲಿಂದ ಬೆಂಗಳೂರು 500 ಕಿ.ಮೀ.ಗೂ ದೂರ. ಹೀಗಾಗಿ ರಾತ್ರಿ ಹೊತ್ತು ಮಗು 'ಹೊಟ್ಟಿ ಬ್ಯಾನಿ' ಅಂದರೆ ಮೊದಲ ನಿರ್ಧಾರ ಪಾಲಕರದ್ದೇ ಆಗಿರುತ್ತದೆ.

ಅಪೆಂಡಿಕ್ಸೋ, ಬೇರೆಯೋ?

ಹೊಕ್ಕಳ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿಯುವ ನೋವು, ವಾಂತಿ, ಜ್ವರ ಅಪೆಂಡಿಸೈಟಿಸ್‌ನ ಗುರುತು. ಕಿಮೋ ಪಡೆಯುವ ಮಕ್ಕಳಲ್ಲಿ ಇದೇ ಜಾಗದಲ್ಲಿ ಇನ್ನೊಂದು ತೊಂದರೆಯೂ ಬರುತ್ತದೆ. ಬಿಳಿ ರಕ್ತಕಣ ತೀರಾ ಇಳಿದಾಗ ದೊಡ್ಡ ಕರುಳಿನ ಆರಂಭದ ಭಾಗಕ್ಕೆ ಸೋಂಕು ತಗುಲಿ ಅದು ಬಾಯುತ್ತದೆ. ಇದಕ್ಕೆ ವೈದ್ಯರು ಟಿಫ್ಲೈಟಿಸ್ ಎನ್ನುತ್ತಾರೆ. ವಿಂಕ್ರಿಸ್ಟಿನ್ ಔಷಧಿಯಿಂದ ಮಲಬದ್ಧತೆ ಆಗಿಯೂ ಹೊಟ್ಟೆ ನೋಯಬಹುದು. ಮೂರನ್ನೂ ಬರಿ ಕೈಯಿಂದ ಒತ್ತಿ ನೋಡಿ ಬೇರ್ಪಡಿಸುವುದು ಕಷ್ಟ. ರಕ್ತ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್, ಕೆಲವೊಮ್ಮೆ ಸಿಟಿ ಸ್ಕ್ಯಾನ್ ಬೇಕೇಬೇಕು.

ನೋವು ಕಡಿಮೆ ಅಂತ ಬಿಡಬೇಡಿ

ರಕ್ತ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೊಡುವ ಸ್ಟಿರಾಯ್ಡ್ ಗುಳಿಗೆ ಜ್ವರ, ನೋವು ಎರಡನ್ನೂ ಮುಚ್ಚಿಡಬಲ್ಲದು. ಒಳಗೆ ಅಪೆಂಡಿಕ್ಸ್ ಒಡೆದಿದ್ದರೂ ಮಗು ಸುಮ್ಮನೆ ಮಲಗಿರಬಹುದು. ಸೋಂಕಿನೊಡನೆ ಹೋರಾಡುವ ನ್ಯೂಟ್ರೋಫಿಲ್ ಕಣಗಳು 500ಕ್ಕಿಂತ ಕೆಳಗಿದ್ದರೆ ಅಪಾಯ ಹೆಚ್ಚು. ಸಾಮಾನ್ಯವಾಗಿ ಕಿಮೋ ಕೊಟ್ಟ 7ರಿಂದ 14ನೇ ದಿನದೊಳಗೆ ಕೌಂಟ್ ತೀರಾ ಇಳಿಯುತ್ತದೆ.

ಚಿಕಿತ್ಸೆ ಹೇಗೆ?

ಮೊದಲು ಬಾಯಿಂದ ಆಹಾರ ನಿಲ್ಲಿಸಿ ಸಲೈನ್ ಹಚ್ಚುತ್ತಾರೆ. ಹಲವು ಬಗೆಯ ರೋಗಾಣುಗಳಿಗೆ ತಾಗುವ ಆಂಟಿಬಯೋಟಿಕ್ ಅನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಜ್ವರವೂ ಇದ್ದರೆ ಆಸ್ಪತ್ರೆ ಮುಟ್ಟಿದ ಒಂದು ತಾಸಿನೊಳಗೆ ಇದು ಶುರುವಾಗಬೇಕು. ಟಿಫ್ಲೈಟಿಸ್ ಇದ್ದರೆ ಬಹುಪಾಲು ಮಕ್ಕಳು ಆಪರೇಷನ್ ಇಲ್ಲದೆ ಗುಣವಾಗುತ್ತಾರೆ.

ಅಪೆಂಡಿಸೈಟಿಸ್ ಖಚಿತವಾದರೆ ಎರಡು ದಾರಿ ಇವೆ. ಮಗುವಿನ ಸ್ಥಿತಿ ನೋಡಿ ಬೇಗನೆ ಆಪರೇಷನ್ ಮಾಡುವುದು ಒಂದು. ಆಂಟಿಬಯೋಟಿಕ್‌ನಿಂದ ಹತೋಟಿಗೆ ತಂದು, ಕೌಂಟ್ ಏರಿದ ಮೇಲೆ ಮಾಡುವುದು ಇನ್ನೊಂದು. ಕರುಳು ತೂತು ಬಿದ್ದರೆ ಅಥವಾ ರಕ್ತಸ್ರಾವ ನಿಲ್ಲದಿದ್ದರೆ ಕಾಯುವಂತಿಲ್ಲ. ಪ್ಲೇಟ್‌ಲೆಟ್ 50 ಸಾವಿರಕ್ಕಿಂತ ಕಡಿಮೆ ಇದ್ದರೆ ಆಪರೇಷನ್‌ಗೆ ಮುಂಚೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಏರಿಸುತ್ತಾರೆ. ಮುಂದಿನ ಕಿಮೋ ಯಾವಾಗ ಎಂಬುದನ್ನು ಕ್ಯಾನ್ಸರ್ ವೈದ್ಯರು, ಸರ್ಜನ್ ಸೇರಿ ತೀರ್ಮಾನಿಸುತ್ತಾರೆ.

ಮನೆಯಲ್ಲಿ ಇವನ್ನು ಮಾಡಬೇಡಿ

- ಔಡಲ ಎಣ್ಣೆ, ಜುಲಾಬಿನ ಗುಳಿಗೆ ಕೊಡಬೇಡಿ. ಹೊಟ್ಟೆ ತಿಕ್ಕಿಸಬೇಡಿ.
- ಎನಿಮಾ ಬೇಡ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬೇಡಿ, ಸೋಂಕು ತಗಲುತ್ತದೆ.
- ಊರಲ್ಲಿ ನೋವಿನ ಸೂಜಿ ಮಾಡಿಸಬೇಡಿ. ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಒಳಗೆ ರಕ್ತ ಕಟ್ಟಬಹುದು. ಐಬುಪ್ರೊಫೆನ್ ಕೂಡ ಬೇಡ.
- ಜ್ವರ ಅಳೆಯದೆ ಪ್ಯಾರಾಸಿಟಮಾಲ್ ಕೊಡಬೇಡಿ.

ಮಾಡಬೇಕಾದ್ದು

ಚಿಕಿತ್ಸೆಯ ಫೈಲ್, ಕೊನೆಯ ರಕ್ತ ವರದಿ, ಕಿಮೋ ಕೊಟ್ಟ ತಾರೀಖು ಒಂದೇ ಚೀಲದಲ್ಲಿಡಿ. ಕ್ಯಾನ್ಸರ್ ವಾರ್ಡ್‌ನ ಫೋನ್ ನಂಬರ್ ಮೊಬೈಲ್‌ನಲ್ಲಿರಲಿ. ನೋವು ಜೋರಿದ್ದರೆ ದಾರಿಯಲ್ಲಿ ಊಟ ಕೊಡದೆ, 108 ಆಂಬುಲೆನ್ಸ್ ಕರೆದು ಸರ್ಜನ್, ರಕ್ತನಿಧಿ ಎರಡೂ ಇರುವ ಆಸ್ಪತ್ರೆಗೆ ಹೋಗಿ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದವರಿಗೆ ಅಂಥ ಆಸ್ಪತ್ರೆಗಳು ವಿಜಯಪುರದಲ್ಲಿವೆ. ಬಿಪಿಎಲ್ ಕಾರ್ಡ್, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ.

ಆಸ್ಪತ್ರೆಯ ಬಾಗಿಲಲ್ಲೇ ಹೇಳಬೇಕಾದ ಮಾತು ಒಂದೇ: 'ನಮ್ಮ ಕೂಸಿಗಿ ಕಿಮೋ ನಡದದ ರೀ, ಮದಲ ಕೌಂಟ್ ನೋಡ್ರಿ.'