ಕುಟುಂಬ ಎಂದರೆ ಐದು ಮಂದಿ

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷಗಳ ನಂತರ ಅದು 41,86,188. ನಡುವೆ ಬಂದುಹೋದದ್ದು ಧಾತು–ಈಶ್ವರ ಸಂವತ್ಸರಗಳ ಬರಗಾಲ. ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲು ಜನ ಲೆಕ್ಕದಲ್ಲಿ ಇಲ್ಲವಾದರು. ಆಮೇಲೆ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು, 1918ರಲ್ಲಿ ಇನ್‌ಫ್ಲುಯೆಂಜಾ. 1911ರಿಂದ 1921ರವರೆಗೆ ಸಂಸ್ಥಾನದ ಜನಸಂಖ್ಯೆ ಬೆಳೆದದ್ದು ಬರೀ ಶೇ. 3ರಷ್ಟು.

ಇಂಥ ನಾಡಿನಲ್ಲಿ, 1930ರಲ್ಲಿ, ಸರ್ಕಾರವೇ ತನ್ನ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಜಗತ್ತಿನಲ್ಲೇ ಸರ್ಕಾರವೊಂದು ಈ ಕೆಲಸಕ್ಕೆ ಕೈ ಹಾಕಿದ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು. ನಮ್ಮ ಪಠ್ಯಗಳು ಇದನ್ನು ಮಾದರಿ ಮೈಸೂರಿನ ಕಿರೀಟಕ್ಕೆ ಇನ್ನೊಂದು ಗರಿ ಎಂಬಂತೆ ಹೇಳಿ ಮುಂದೆ ಹೋಗುತ್ತವೆ. ನನಗೆ ಕಾಡುವುದು ಬೇರೆ ವಿಷಯ. ಜನರನ್ನು ಬದುಕಿಸಿಕೊಳ್ಳಲು ಈಗಷ್ಟೇ ಕಲಿಯುತ್ತಿದ್ದ ಸರ್ಕಾರ, ಅಷ್ಟು ಬೇಗ ಜನ ಹೆಚ್ಚಾದರೆಂದು ಚಿಂತಿಸತೊಡಗಿತ್ತು.

ಸ್ವಾತಂತ್ರ್ಯದ ನಂತರ ಈ ಚಿಂತೆ ರಾಮನಗರಕ್ಕೆ ಬಂತು. ಕೇಂದ್ರದ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧಿವಾದಿ. ಕೃತಕ ಸಾಧನಗಳು ಅವರಿಗೆ ಒಪ್ಪಿಗೆಯಿರಲಿಲ್ಲ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಸಲಹೆಯಂತೆ, ದಿನ ಎಣಿಸುವ ಪದ್ಧತಿಯ ಪ್ರಯೋಗ ನಡೆಯಿತು. ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು: ದಿನಕ್ಕೊಂದು ಮಣಿ ಸರಿಸಬೇಕು, ಬಣ್ಣ ನೋಡಿ ಗಂಡನಿಂದ ದೂರವಿರಬೇಕು. ಪ್ರಯೋಗ ಫಲಿಸಲಿಲ್ಲ. ಮಣಿ ಸರಿಸಲು ಮರೆತವರ, ಸರವನ್ನೇ ತಾಯಿತವೆಂದು ನಂಬಿದವರ ಕಥೆಗಳನ್ನು ಈಗಲೂ ನಗುತ್ತಾ ಹೇಳುವವರಿದ್ದಾರೆ. ದೂರವಿರುವ ತೀರ್ಮಾನ ಆ ಹೆಂಗಸಿನ ಕೈಯಲ್ಲಿತ್ತೇ ಎಂದು ಮಾತ್ರ ಈ ಕಥೆಗಳು ಕೇಳುವುದಿಲ್ಲ.

ಅದೇ ಹೊತ್ತಿಗೆ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ನಡೆಸಿದ, 1961ರಲ್ಲಿ ಪ್ರಕಟವಾದ ಮೈಸೂರು ಜನಸಂಖ್ಯಾ ಅಧ್ಯಯನ ಬೇರೆಯದೇ ಚಿತ್ರ ಕೊಟ್ಟಿತು. ಹಲವು ಮಕ್ಕಳಿದ್ದ ಎಷ್ಟೋ ದಂಪತಿಗಳು ಇನ್ನು ಸಾಕು ಎಂದಿದ್ದರು. ದಾರಿ ಗೊತ್ತಿದ್ದವರು ಕಡಿಮೆ. ಆದರೂ ಒಂದೆರಡಕ್ಕೆ ನಿಲ್ಲಿಸುವ ಧೈರ್ಯ ಎಲ್ಲಿಂದ ಬರಬೇಕು? ಹುಟ್ಟಿದ ಕೂಸು ಉಳಿಯುವ ಖಾತ್ರಿ ಇಲ್ಲ, ಕೈಕಾಲು ಬಿದ್ದಾಗ ನೋಡಿಕೊಳ್ಳಲು ಮಗನಲ್ಲದೆ ಇನ್ನೊಬ್ಬರಿಲ್ಲ. ವಿಮೆ ಎಂಬ ಪದ ಹಳ್ಳಿಗೆ ಬರುವ ಮೊದಲು ಮಕ್ಕಳೇ ವಿಮೆ.

ಕಾಗದದ ವಿಮೆ ಬಂದದ್ದು ಬಹಳ ತಡವಾಗಿ. 2003ರಲ್ಲಿ ಜಾರಿಯಾದ ಯಶಸ್ವಿನಿ ಸಹಕಾರ ಸಂಘಗಳ ರೈತರಿಗೆ, ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ, ತಲೆಗೆ ವರ್ಷಕ್ಕೆ 60 ರೂಪಾಯಿಯಂತೆ ಶುರುವಾಯಿತು. 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿ ತನಕ ಕೊಡುತ್ತಿತ್ತು. ಅದರ ಕಾರ್ಡಿನಲ್ಲಿ ಕುಟುಂಬವೆಂದರೆ ಐದೇ ಮಂದಿ: ಯಜಮಾನ, ಸಂಗಾತಿ, ಇನ್ನು ಮೂವರು ಅವಲಂಬಿತರು. ಮನೆಯಲ್ಲಿ ಅಪ್ಪ, ಅವ್ವ ಮತ್ತು ಇಬ್ಬರು ಮಕ್ಕಳಿದ್ದರೆ? 'ನಾವಿಬ್ಬರು ನಮಗಿಬ್ಬರು' ಘೋಷಣೆಯನ್ನು ಅಕ್ಷರಶಃ ಪಾಲಿಸಿದ ಮನೆಯಲ್ಲೂ ಒಬ್ಬರು ಹೊರಗೆ ಉಳಿಯಬೇಕು. 2018ರ ಆಯುಷ್ಮಾನ್ ಭಾರತ್ ಬಂದ ಮೇಲೆ ಈ ಮಿತಿ ಹೋಯಿತು, ವರ್ಷದ ಮೊತ್ತ 5 ಲಕ್ಷವಾಯಿತು.

ಮಿತಿ ತೆಗೆಯುವ ಹೊತ್ತಿಗೆ ಕುಟುಂಬಗಳು ತಾವಾಗಿಯೇ ಚಿಕ್ಕದಾಗಿದ್ದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಹಾಗೇ ನಿಲ್ಲಲು ಬೇಕಾದ 2.1ಕ್ಕಿಂತ ಇದು ಕಡಿಮೆ. ಇಳಿಕೆಯ ಭಾರ ಹೊತ್ತವರು ಯಾರೆಂಬುದೂ ಅಲ್ಲೇ ಇದೆ: ವಿವಾಹಿತ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಗಂಡಸರದು ಎಣಿಕೆಗೇ ಸಿಗುವುದಿಲ್ಲ.

ಹೀಗೆ ಆಪರೇಷನ್ ಮಾಡಿಸಿಕೊಂಡ ಮೊದಲ ತಲೆಮಾರಿನ ಹೆಂಗಸರು ಈಗ ಮುದುಕಿಯರು. ನಾಲ್ಕಾರು ಮಕ್ಕಳ ಹಳೆಯ ವಿಮೆ ಅವರಿಗಿಲ್ಲ. ಇರುವ ಒಬ್ಬಿಬ್ಬರು ಎಷ್ಟೋ ಕಡೆ ಬೆಂಗಳೂರಿನಲ್ಲಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, ಆಯುಷ್ಮಾನ್ ವಿಮೆಯನ್ನು ವಿಸ್ತರಿಸಿತು. ಅದು ಆಸ್ಪತ್ರೆಗೆ ದಾಖಲಾದ ಖರ್ಚಿನ ವಿಮೆ. ಬಿಪಿ ಮಾತ್ರೆಗೆ, ಮಂಡಿನೋವಿಗೆ, ರಾತ್ರಿ ಎಬ್ಬಿಸಿ ನೀರು ಕೊಡುವ ಕೈಗೆ ಅದರಲ್ಲಿ ಜಾಗವಿಲ್ಲ.